ಊರಿನ ಆಂಬುಲೆನ್ಸ್ ನಂಬರ್: ಕರೆ ಎಂಗೇಜ್, ವಿಳಾಸ ಸಿಗುವಾಗ ತಡ. ಎಲ್ಲಿಂದ ಸರಿ ಮಾಡಬೇಕು?

ಶಿರ್ವ_ಕಾಪು_ದಾರಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಕಾಪು ತಾಲೂಕಿನ ಮೂರು ಗ್ರಾಮ ಪಂಚಾಯತ್ ವ್ಯಾಪ್ತಿಯಲ್ಲಿ ಯುವಕ ಮಂಡಲವೊಂದು ಎರಡು ಆಂಬುಲೆನ್ಸ್ ಓಡಿಸುತ್ತದೆ. ಒಂದರಲ್ಲಿ ಆಕ್ಸಿಜನ್, ಸ್ಟ್ರೆಚರ್ ಮಾತ್ರ. ಇನ್ನೊಂದರಲ್ಲಿ ಮಾನಿಟರ್ ಮತ್ತು ಎಇಡಿ (ಹೃದಯ ನಿಂತಾಗ ಶಾಕ್ ಕೊಡುವ ಯಂತ್ರ) ಕೂಡ ಉಂಟು. ಕರೆ ಬರುವುದು ಒಂದೇ ಮೊಬೈಲ್ ನಂಬರಿಗೆ, ಆ ಮೊಬೈಲ್ ಇರುವುದು ಡ್ಯೂಟಿಯಲ್ಲಿರುವ ಡ್ರೈವರ್ ಕೈಯಲ್ಲಿ.

ಡ್ರೈವರ್ ಒಬ್ಬರ ಜೊತೆ ಮಾತಾಡುವಾಗ ಎರಡನೆಯವರಿಗೆ ಎಂಗೇಜ್. ಗಾಡಿ ಓಡಿಸುತ್ತಲೇ ಕರೆ ತೆಗೆಯಬೇಕಾಗುತ್ತದೆ. ದಾರಿ ಹೇಳಿ ಮುಗಿಸುವಾಗ ಎರಡು ಮೂರು ನಿಮಿಷ ಹೋಗುತ್ತದೆ, ಆಮೇಲೂ ಗಾಡಿ ಬೇರೆ ಅಡ್ಡರಸ್ತೆಗೆ ಹೋಗುವುದುಂಟು. ಮಳೆಗಾಲದಲ್ಲಿ ಕರೆಂಟ್ ಹೋದರೆ ಸ್ವಲ್ಪ ಹೊತ್ತಿನಲ್ಲಿ ಟವರ್ ಕೂಡ ಹೋಗುತ್ತದೆ. ಮುಂಬೈ, ದುಬೈಯಲ್ಲಿರುವ ಮಕ್ಕಳು ಊರಲ್ಲಿರುವ ತಂದೆತಾಯಿಗಾಗಿ ಅಲ್ಲಿಂದಲೇ ಕರೆ ಮಾಡುತ್ತಾರೆ. ಅವರಿಗೆ ಮನೆ ಹೆಸರು ಗೊತ್ತು, ಈಗಿನ ದಾರಿ ಗೊತ್ತಿರುವುದಿಲ್ಲ.

ಸಭೆಯಲ್ಲಿ ಬಂದ ಸಲಹೆಗಳು ಇಷ್ಟು: 1800ರ ಟೋಲ್‌ಫ್ರೀ ನಂಬರ್ ತೆಗೆದುಕೊಳ್ಳುವುದು, "ಕನ್ನಡಕ್ಕೆ 1, ತುಳುವಿಗೆ 2 ಒತ್ತಿ" ಅಂತ ಧ್ವನಿ ಹಾಕುವುದು, ಒಂದು ಆ್ಯಪ್ ಮಾಡಿಸುವುದು. ಇನ್ನು ಕೆಲವರದ್ದು, ನಮ್ಮ ನಂಬರೇ ಬೇಡ, ಎಲ್ಲರಿಗೂ 112, 108 ಅಂತ ಹೇಳಿದರೆ ಸಾಕು ಎಂಬ ಅಭಿಪ್ರಾಯ. ತಿಂಗಳಿಗೆ ಐದಾರು ಸಾವಿರ ರೂಪಾಯಿಯೊಳಗೆ ಆಗಬೇಕು. ಯಾವುದನ್ನು ಮೊದಲು ಮಾಡಬೇಕು?

---

ರವಾನೆ_ಮೇಜು ಉತ್ತರ:

ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ನಿಮ್ಮ ನಂಬರ್ ನಿಲ್ಲಿಸಬೇಡಿ. ಆದರೆ ಅದು 112ಕ್ಕೋ 108ಕ್ಕೋ ಬದಲಿ ಎಂಬ ಹಾಗೆ ಬೋರ್ಡ್ ಹಾಕಬೇಡಿ. ಹೊಡೆದಾಟ, ಬೆಂಕಿ, ಅಪಘಾತದಲ್ಲಿ ಸಿಕ್ಕಿಹಾಕಿಕೊಂಡವರು ಇದ್ದರೆ ಅದು 112ರ ಕೆಲಸ, ಪೊಲೀಸ್ ಮತ್ತು ಅಗ್ನಿಶಾಮಕದವರನ್ನು ಹೊರಡಿಸುವ ಅಧಿಕಾರ ನಿಮಗಿಲ್ಲ. 108 ಆರೋಗ್ಯ ಕವಚ 2008ರ ನವೆಂಬರ್ 1ರಿಂದ ರಾಜ್ಯದಲ್ಲಿ ನಡೆಯುತ್ತಿದೆ, ನಿಮ್ಮ ಎರಡೂ ಗಾಡಿ ಹೊರಗಿದ್ದಾಗ ಅದೇ ಆಸರೆ. ನಿಮ್ಮದು ಹತ್ತಿರದ ಗಾಡಿ, ಅದೇ ನಿಮ್ಮ ಬಲ.

ಇನ್ನು ಮುಖ್ಯ ದೋಷ. ಕರೆ ತೆಗೆಯುವವರು ಮತ್ತು ಗಾಡಿ ಓಡಿಸುವವರು ಒಬ್ಬರೇ ಆಗಿರುವವರೆಗೆ ಬೇರೆ ಏನು ಮಾಡಿದರೂ ಪ್ರಯೋಜನವಿಲ್ಲ. ಇವೆರಡನ್ನು ಬೇರೆ ಮಾಡುವುದೇ ಮೊದಲ ಕೆಲಸ, ಆ್ಯಪ್ ವಿಷಯ ಆಮೇಲೆ. ಮನೆಯಲ್ಲೇ ಇರುವ ಆರೇಳು ಮಂದಿ ಪಾಳಿ ಹಾಕಿಕೊಂಡರೂ ನಡೆಯುತ್ತದೆ. ಒಂದು ಪಾಳಿಗೆ ಮೂವರ ಫೋನ್ ರಿಂಗ್ ಆಗಬೇಕು.

ಅದಕ್ಕೆ ಕ್ಲೌಡ್ ಟೆಲಿಫೋನಿ, ಅಂದರೆ ಒಂದು ನಂಬರಿಗೆ ಬಂದ ಕರೆಯನ್ನು ಹಲವು ಫೋನಿಗೆ ಕಳಿಸುವ ಸೇವೆಯ, ಕಂಪನಿಯೊಂದರಿಂದ ಹತ್ತಂಕಿಯ ಒಂದು ವರ್ಚುವಲ್ ನಂಬರ್ ತೆಗೆದುಕೊಳ್ಳಿ. ಸಣ್ಣ ಯೋಜನೆಗಳು ನಿಮ್ಮ ಬಜೆಟ್ಟಿನೊಳಗೆ ಬರುತ್ತವೆ. ಕೊಳ್ಳುವ ಮೊದಲು ಕೇಳಬೇಕಾದದ್ದು: ಮೂರೂ ಫೋನ್ ಒಟ್ಟಿಗೆ ರಿಂಗ್ ಆಗುತ್ತದೆಯೇ? ಒಂದರ ನಂತರ ಒಂದು ರಿಂಗ್ ಆಗುವ ವ್ಯವಸ್ಥೆ ಬೇಡ, 20 ಸೆಕೆಂಡಿನಂತೆ ಮೂರು ಫೋನ್ ಸುತ್ತುವಾಗ ಒಂದು ನಿಮಿಷ ಹೋಯಿತು, ಅಷ್ಟರಲ್ಲಿ ಹೆದರಿದ ಮನುಷ್ಯ ಕರೆ ಕಡಿದು ಮತ್ತೆ ಮಾಡುತ್ತಾನೆ. ಎರಡನೆಯದು, ಕರೆ ಮಾಡಿದವರ ನಂಬರ್ ನಿಮ್ಮ ಫೋನಿನಲ್ಲಿ ಕಾಣುತ್ತದೆಯೇ? ಕೆಲವು ಯೋಜನೆಗಳಲ್ಲಿ ಕಂಪನಿಯ ನಂಬರ್ ಮಾತ್ರ ಕಾಣುತ್ತದೆ, ಆಗ ಕಡಿದುಹೋದ ಕರೆಗೆ ತಿರುಗಿ ಮಾಡುವುದೇ ಕಷ್ಟ. ಮೂರನೆಯದು, ಒಂದೇ ಹೊತ್ತಿಗೆ ಎಷ್ಟು ಕರೆ ಒಳಗೆ ಬರಬಹುದು? ಕನಿಷ್ಠ ನಾಲ್ಕು ಇರಲಿ.

ಮೂರು ಫೋನಿಗೆ ಬೇರೆ ಬೇರೆ ಕಂಪನಿಯ ಸಿಮ್ ಇರಬೇಕು. ವಾಯ್ಸ್‌ಮೇಲ್ ಮತ್ತು ಅಪರಿಚಿತ ಕರೆಗೆ ತಾನೇ ಉತ್ತರಿಸುವ ಸಹಾಯಕ ಆ್ಯಪ್‌ಗಳನ್ನು ತೆಗೆದುಹಾಕಿ. ಒಟ್ಟಿಗೆ ರಿಂಗ್ ಆಗುವಾಗ ಒಂದು ಫೋನಿನ ಯಂತ್ರ ಕರೆ ಎತ್ತಿಕೊಂಡರೆ ಉಳಿದ ಎರಡೂ ಮೌನವಾಗುತ್ತವೆ. "ಸ್ವೀಕರಿಸಲು 1 ಒತ್ತಿ" ಎಂದು ಕರೆ ತೆಗೆಯುವವರಿಗೆ ಕೇಳುವ ಸೌಲಭ್ಯ ಇದ್ದರೆ ಹಾಕಿಸಿ, ಈ ತೊಂದರೆ ಹೋಗುತ್ತದೆ. ರಾತ್ರಿ ಫೋನ್ ಸೈಲೆಂಟ್ ಮಾಡಿ ಮಲಗುವವರು ಈ ಒಂದು ನಂಬರನ್ನು ಆದ್ಯತೆಯ ಪಟ್ಟಿಗೆ ಸೇರಿಸಿಕೊಳ್ಳಬೇಕು.

ಕರೆ ಮಾಡಿದವರಿಗೆ ಭಾಷೆ ಆಯ್ಕೆಯ ಧ್ವನಿ ಖಂಡಿತ ಬೇಡ. ಒಂದೊಂದು ಮೆನು ಎಂಟು ಹತ್ತು ಸೆಕೆಂಡು ತಿನ್ನುತ್ತದೆ, ಕೈ ನಡುಗುವವರು ತಪ್ಪು ಒತ್ತುತ್ತಾರೆ. ನಮ್ಮಲ್ಲಿ ತುಳು, ಕನ್ನಡ, ಕೊಂಕಣಿ, ಬ್ಯಾರಿ ನಾಲ್ಕೂ ಅರ್ಥವಾಗುವ ಜನ ಬೇಕಷ್ಟು ಇದ್ದಾರೆ, ಅಂಥವರನ್ನು ಕೂರಿಸಿ.

1800 ಕೂಡ ಬೇಡ. ವಿದೇಶದಿಂದ ಸಾಮಾನ್ಯವಾಗಿ ಸಿಗುವುದಿಲ್ಲ, ನಿಮಗೆ ಬರುವ ಗಲ್ಫ್ ಕರೆಗಳೇ ತಪ್ಪಿಹೋಗುತ್ತವೆ. ದುಬೈಯಿಂದ 112 ಒತ್ತಿದರೆ ಅದು ಉಡುಪಿಗೆ ಬರುವುದಿಲ್ಲ, ಮುಂಬೈಯಿಂದ ಒತ್ತಿದರೆ ಮಹಾರಾಷ್ಟ್ರದ ಕಂಟ್ರೋಲ್ ರೂಮಿಗೆ ಹೋಗುತ್ತದೆ. ಆದ್ದರಿಂದ ದೂರದ ಮಕ್ಕಳಿಗೆ +91 ಸಮೇತ ನಿಮ್ಮ ಹತ್ತಂಕಿ ನಂಬರ್, ಹತ್ತಿರದ ಪೊಲೀಸ್ ಠಾಣೆಯ 0820 ಕೋಡಿನ ಸ್ಥಿರ ದೂರವಾಣಿ, ಪಕ್ಕದ ಮನೆಯವರ ನಂಬರ್ ಈ ಮೂರನ್ನೂ ಮುಂಚೆಯೇ ಬರೆದಿಟ್ಟುಕೊಳ್ಳಲು ಹೇಳಿ.

ವರ್ಚುವಲ್ ನಂಬರ್ ಬರುವವರೆಗೆ ಈಗಿನ ಮೊಬೈಲಿನಲ್ಲೇ ಫೋನ್ ಸೆಟ್ಟಿಂಗ್‌ಗೆ ಹೋಗಿ "ಬ್ಯುಸಿ ಇದ್ದಾಗ", "ಉತ್ತರಿಸದಿದ್ದಾಗ", "ಸಂಪರ್ಕಕ್ಕೆ ಸಿಗದಿದ್ದಾಗ" ಈ ಮೂರೂ ಸಂದರ್ಭಕ್ಕೆ ಬೇರೊಂದು ನಂಬರಿಗೆ ಫಾರ್ವರ್ಡ್ ಹಾಕಿ. ಉತ್ತರಿಸದಿದ್ದಾಗ ಕಾಯುವ ಸಮಯ 15 ಸೆಕೆಂಡ್ ಸಾಕು. ಯುಎಸ್‌ಎಸ್‌ಡಿ ಕೋಡ್ (*, # ಸೇರಿಸಿ ಒತ್ತುವ ಅಂಕಿಗಳು) ಮೂಲಕ ಫಾರ್ವರ್ಡ್ ಮಾಡುವುದನ್ನು ದೂರಸಂಪರ್ಕ ಇಲಾಖೆ 2024ರ ಏಪ್ರಿಲ್ 15ರಿಂದ ನಿಲ್ಲಿಸಲು ಹೇಳಿದ ಕಾರಣ ಹಳೆಯ ಕೋಡುಗಳನ್ನು ನಂಬಿ ಕೂರಬೇಡಿ. ಹಾಕಿದ ಮೇಲೆ ಮೂರೂ ಸಂದರ್ಭವನ್ನು ನಿಜವಾಗಿ ಮಾಡಿ ನೋಡಿ: ಒಮ್ಮೆ ಮಾತಾಡುತ್ತಿರುವಾಗ, ಒಮ್ಮೆ ಎತ್ತದೆ, ಒಮ್ಮೆ ಸ್ವಿಚ್ ಆಫ್ ಮಾಡಿ.

---

ಬೈಲು_ಬೆಟ್ಟು_ನಕ್ಷೆ ಉತ್ತರ:

ಮೇಲಿನವರು ಹೇಳಿದ್ದು ಸರಿ. ಆದರೆ ನಿಮ್ಮ ಊರಿನಲ್ಲಿ ಹೆಚ್ಚು ಸಮಯ ಹೋಗುತ್ತಿರುವುದು ವಿಳಾಸದಲ್ಲಿ. ಬಯಲುಸೀಮೆಯ ಹಾಗೆ ಒತ್ತಾಗಿ ಕಟ್ಟಿದ ಊರಲ್ಲ ನಮ್ಮದು. ಮನೆಗಳು ತೋಟ ಗದ್ದೆಗಳ ನಡುವೆ ಚದುರಿಕೊಂಡಿವೆ, ಮನೆಗೆ ಹೆಸರಿದೆ, ರಸ್ತೆಗಿಲ್ಲ. ಅದೇ ಹೆಸರು ಬೇರೆ ಕಡೆಯೂ ಇರುತ್ತದೆ. ಬೈಲೂರು ಉಡುಪಿ ನಗರದಲ್ಲೂ ಉಂಟು, ಕಾರ್ಕಳ ತಾಲೂಕಿನಲ್ಲೂ ಉಂಟು. ಶಿರೂರು ಬೈಂದೂರಿನ ಆಚೆ ಒಂದು, ಹಿರಿಯಡಕದ ಕಡೆ ಒಂದು, ಅಂಕೋಲಾದಲ್ಲಿ ಇನ್ನೊಂದು. ಬೆಂಗಳೂರಿನ ಕಂಟ್ರೋಲ್ ರೂಮಿನಲ್ಲಿ ಕುಳಿತವರಿಗೆ ಬರೀ "ಶಿರೂರು" ಎಂದರೆ ಯಾವುದೆಂದು ಹೇಗೆ ಗೊತ್ತಾಗಬೇಕು? ತಾಲೂಕು, ಗ್ರಾಮ, ಗುರುತು ಈ ಕ್ರಮದಲ್ಲಿ ಹೇಳಲು ಜನರಿಗೆ ಅಭ್ಯಾಸ ಮಾಡಿಸಬೇಕು.

ಕರೆ ಮಾಡಿದ ಕೂಡಲೇ ನಾವು ಎಲ್ಲಿದ್ದೇವೆ ಎಂದು ಅವರಿಗೆ ಪರದೆಯಲ್ಲಿ ಕಾಣುತ್ತದೆ ಎಂಬ ನಂಬಿಕೆ ಹಲವರಲ್ಲಿದೆ. ಟವರಿನ ಆಧಾರದ ಮೇಲೆ ಸಿಗುವ ಸ್ಥಳ ಹಳ್ಳಿಗಳಲ್ಲಿ ಕಿಲೋಮೀಟರ್‌ಗಟ್ಟಲೆ ಆಚೀಚೆ ಇರಬಹುದು. ಯುರೋಪಿನಲ್ಲಿ ಎಎಂಎಲ್ ಎಂಬ ವ್ಯವಸ್ಥೆ ಉಂಟು. ತುರ್ತು ನಂಬರ್ ಒತ್ತಿದ ತಕ್ಷಣ ಫೋನ್ ತಾನಾಗಿ ಜಿಪಿಎಸ್ ಆನ್ ಮಾಡಿ ಸ್ಥಳವನ್ನು ಕಂಟ್ರೋಲ್ ರೂಮಿಗೆ ಕಳಿಸುತ್ತದೆ. 2022ರ ಮಾರ್ಚ್‌ನಿಂದ ಅಲ್ಲಿ ಮಾರುವ ಎಲ್ಲ ಸ್ಮಾರ್ಟ್‌ಫೋನಿನಲ್ಲೂ ಅದು ಕಡ್ಡಾಯ. ಆದರೆ ಅಂಥದ್ದು ತುರ್ತು ನಂಬರುಗಳಿಗೆ ಮಾತ್ರ ಕೆಲಸ ಮಾಡುತ್ತದೆ, ನಿಮ್ಮ ಹತ್ತಂಕಿ ನಂಬರಿಗೆ ಯಾವತ್ತೂ ಬರುವುದಿಲ್ಲ. ನಿಮ್ಮ ಸ್ಥಳದ ವ್ಯವಸ್ಥೆಯನ್ನು ನೀವೇ ಕಟ್ಟಬೇಕು.

ಕಟ್ಟುವುದು ಹೀಗೆ. ವಾರ್ಡಿಗೆ ಮೂವತ್ತು ನಲವತ್ತು ಗುರುತುಗಳ ಒಂದು ಪಟ್ಟಿ ಮಾಡಿ. ಭಜನಾ ಮಂದಿರ, ದೈವಸ್ಥಾನ, ಹಾಲಿನ ಡೈರಿ, ಅಂಗನವಾಡಿ, ನ್ಯಾಯಬೆಲೆ ಅಂಗಡಿ, ಟ್ರಾನ್ಸ್‌ಫಾರ್ಮರ್, ಬಸ್ ನಿಲ್ದಾಣ, ಸಂಕ, ಕಿಂಡಿ ಅಣೆಕಟ್ಟು ಇವೆಲ್ಲ ಬರಲಿ. ಪ್ರತಿಯೊಂದರ ಎದುರು ಅಕ್ಷಾಂಶ ರೇಖಾಂಶ, ಜನ ಕರೆಯುವ ಎಲ್ಲ ಹೆಸರು, ಆಂಬುಲೆನ್ಸ್ ಎಲ್ಲಿಯವರೆಗೆ ಹೋಗುತ್ತದೆ, ತಿರುಗಿಸಲು ಜಾಗ ಎಲ್ಲಿ, ಮಳೆಗಾಲದ ದಾರಿ ಯಾವುದು ಎಂದು ಬರೆಯಿರಿ. ಈ ಕೊನೆಯ ಅಂಕಣ ಬಹಳ ಮುಖ್ಯ. ಜುಲೈಯಲ್ಲಿ ರೈಲ್ವೆ ಅಂಡರ್‌ಪಾಸಿನಲ್ಲಿ ನೀರು ನಿಂತರೆ ಫೋನಿನ ಮ್ಯಾಪ್ ಅದೇ ದಾರಿ ತೋರಿಸುತ್ತಾ ಇರುತ್ತದೆ. ಆಶಾ ಕಾರ್ಯಕರ್ತೆಯರು, ಪೋಸ್ಟ್‌ಮ್ಯಾನ್, ಲೈನ್‌ಮ್ಯಾನ್ ಈ ಮೂವರನ್ನು ಜೊತೆಗೆ ಕೂರಿಸಿದರೆ ಪಟ್ಟಿಯ ಮುಕ್ಕಾಲು ಪಾಲು ಅಲ್ಲೇ ಮುಗಿಯುತ್ತದೆ.

ಅಂಕಿಗಳನ್ನು ದಶಮಾಂಶದಲ್ಲೇ ಬರೆಯಿರಿ, ಬಿಂದುವಿನ ನಂತರ ನಾಲ್ಕು ಸ್ಥಾನ ಸಾಕು. ಅದು ಸುಮಾರು 11 ಮೀಟರ್ ನಿಖರ. ತಪ್ಪು ಹಿಡಿಯಲು ಸುಲಭ ಉಪಾಯವೂ ಉಂಟು. ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಯಲ್ಲಿ ಅಕ್ಷಾಂಶ 12 ಅಥವಾ 13ರಿಂದ, ರೇಖಾಂಶ 74 ಅಥವಾ 75ರಿಂದ ಶುರುವಾಗಬೇಕು. ಬೇರೆ ಬಂದರೆ ಅಂಕಿ ತಪ್ಪಾಗಿದೆ ಅಥವಾ ಎರಡೂ ಅದಲುಬದಲಾಗಿವೆ. ಅಂಚೆ ಇಲಾಖೆ 2025ರಲ್ಲಿ ತಂದ ಡಿಜಿಪಿನ್ ಸುಮಾರು 4 ಮೀಟರ್ ಚೌಕವನ್ನು ಹತ್ತು ಅಕ್ಷರ-ಅಂಕಿಗಳಲ್ಲಿ ಹೇಳುತ್ತದೆ. ಮನೆ ಬಾಗಿಲಿಗೆ ಅಂಟಿಸಲು ಚೆನ್ನಾಗಿದೆ. ಆದರೆ ಫೋನಿನಲ್ಲಿ ಹೇಳುವಾಗ ಇಂಗ್ಲಿಷ್ ಅಕ್ಷರ ಕೇಳಿಸಿಕೊಳ್ಳುವುದರಲ್ಲಿ ತಪ್ಪಾಗುತ್ತದೆ, ಆದ್ದರಿಂದ ಅದನ್ನು ಮೆಸೇಜಿನಲ್ಲಿ ಕಳಿಸುವುದೇ ಒಳ್ಳೆಯದು.

ವಾಟ್ಸ್ಆ್ಯಪ್ ಲೊಕೇಶನ್ ಬಗ್ಗೆ ಎರಡು ಎಚ್ಚರಿಕೆ. ಕಳಿಸುವವರು ರೋಗಿಯ ಪಕ್ಕದಲ್ಲೇ ಇದ್ದಾರೆಯೇ ಎಂದು ಮೊದಲು ಕೇಳಿ. ಮಗ ಮಣಿಪಾಲದ ಆಫೀಸಿನಿಂದ "ಈಗಿನ ಸ್ಥಳ" ಕಳಿಸಿದರೆ ಗಾಡಿ ಮಣಿಪಾಲಕ್ಕೆ ಹೋಗುತ್ತದೆ. ಎರಡನೆಯದು, ಕಳಿಸುವ ಮೊದಲು ಪರದೆಯಲ್ಲಿ ಎಷ್ಟು ಮೀಟರಿಗೆ ನಿಖರ ಎಂದು ಬರುತ್ತದೆ. 50ಕ್ಕಿಂತ ಹೆಚ್ಚಿದ್ದರೆ ಅಂಗಳಕ್ಕೆ ಬಂದು ಹತ್ತು ಸೆಕೆಂಡ್ ನಿಲ್ಲಲು ಹೇಳಿ. ಹಂಚಿನ ಮಾಡಿನ ಒಳಗೆ, ಅಡಿಕೆ ತೋಟದ ನಡುವೆ ಜಿಪಿಎಸ್ ತಡವಾಗಿ ಹಿಡಿಯುತ್ತದೆ. ಫೋನ್ 2ಜಿಯಲ್ಲಿದ್ದರೆ ಮಾತಾಡುವಾಗ ಡೇಟಾ ನಿಲ್ಲುತ್ತದೆ. ಆಗ ಲೊಕೇಶನ್‌ಗಾಗಿ ಕಾಯದೆ ಗುರುತಿನ ಪಟ್ಟಿಯನ್ನೇ ಹಿಡಿಯಿರಿ.

ಕೊನೆಯ 200 ಮೀಟರ್ ಮರೆಯಬೇಡಿ. "ಒಬ್ಬರು ಟಾರ್ಚ್ ಹಿಡಿದು ರಸ್ತೆಗೆ ಬನ್ನಿ, ಗೇಟಿನ ಲೈಟ್ ಹಾಕಿ, ನಾಯಿ ಕಟ್ಟಿ" ಎಂಬ ಮೂರು ಮಾತು ಪ್ರತಿ ರಾತ್ರಿ ಕರೆಯಲ್ಲೂ ಹೇಳಲೇಬೇಕು. ಗದ್ದೆ ಕಟ್ಟಪುಣಿಯಲ್ಲಿ (ಬದುವಿನ ಮೇಲೆ) ಹೊತ್ತು ತರುವ ಮನೆಯಾದರೆ ಗಾಡಿ ಹೊರಡುವಾಗಲೇ ನಾಲ್ಕು ಜನ ಮತ್ತು ಮಡಚುವ ಸ್ಟ್ರೆಚರ್ ಸಿದ್ಧವಾಗಬೇಕು, ಅಲ್ಲಿ ಹೋದ ಮೇಲೆ ಜನ ಹುಡುಕುವುದಲ್ಲ.

ಹೆದ್ದಾರಿ 66ರಲ್ಲಾದರೆ ಕಿಲೋಮೀಟರ್ ಕಲ್ಲಿನ ಅಂಕಿ ಮತ್ತು ಯಾವ ದಿಕ್ಕಿನ ಬದಿ, ಅಂದರೆ ಮಂಗಳೂರು ಕಡೆ ಹೋಗುವುದೋ ಕುಂದಾಪುರ ಕಡೆ ಹೋಗುವುದೋ, ಎರಡೂ ಕೇಳಿ. ನಡುವೆ ಡಿವೈಡರ್ ಇರುವುದರಿಂದ ತಪ್ಪು ಬದಿಗೆ ಹೋದರೆ ಮುಂದಿನ ಯೂಟರ್ನ್ ತನಕ ಹೋಗಿ ಬರಬೇಕು. ಹೆದ್ದಾರಿಯ ಸಹಾಯವಾಣಿ 1033ಕ್ಕೂ ಇದೇ ಅಂಕಿ ಬೇಕು. ಕೊಂಕಣ ರೈಲ್ವೆ ಹಳಿಯ ಬದಿಯಾದರೆ ಹಳಿ ಪಕ್ಕದ ಕಿಲೋಮೀಟರ್ ಫಲಕ ಓದಿಸಿ.

---

ತಲಪಾಡಿ_ಟವರ್ ಉತ್ತರ:

ಮಂಗಳೂರಿನ ದಕ್ಷಿಣಕ್ಕೆ ಇರುವವರು ಇದನ್ನು ಗಮನಿಸಬೇಕು. 112 ಯಾವ ರಾಜ್ಯಕ್ಕೆ ಹೋಗುತ್ತದೆ ಎನ್ನುವುದು ನಿಮ್ಮ ಸಿಮ್ ಯಾವ ಊರಿನದ್ದು ಎಂಬುದರ ಮೇಲಲ್ಲ, ಆ ಕ್ಷಣ ಫೋನ್ ಹಿಡಿದಿರುವ ಟವರಿನ ಮೇಲೆ. ತಲಪಾಡಿಯ ಆಸುಪಾಸಿನಲ್ಲಿ ಫೋನ್ ಮಂಜೇಶ್ವರ ಕಡೆಯ ಟವರ್ ಹಿಡಿದರೆ ಕರೆ ಕೇರಳಕ್ಕೆ ಹೋಗುತ್ತದೆ. ಆಗ ಗಾಬರಿಯಾಗಿ ಕಡಿಯಬೇಡಿ. "ಕರ್ನಾಟಕ, ದಕ್ಷಿಣ ಕನ್ನಡ, ತಲಪಾಡಿ" ಎಂದು ಮೊದಲೇ ಹೇಳಿ, ಮತ್ತೊಬ್ಬರ ಫೋನಿನಿಂದ ಇಲ್ಲಿನ ಠಾಣೆಯ 0824ರ ನಂಬರಿಗೂ ಮಾಡಿಸಿ.

ಇನ್ನೊಂದು ವಿಷಯ ಪ್ರಶ್ನೆ ಕೇಳಿದವರಿಗೆ. ನಿಮ್ಮ ಎರಡೂ ಗಾಡಿ ಹೊರಗಿದ್ದು ನೀವು ಕರೆಯನ್ನು 108ಕ್ಕೆ ಕಾನ್ಫರೆನ್ಸ್ ಮಾಡುವಾಗ ಅಲ್ಲಿ ಕಾಣುವುದು ನಿಮ್ಮ ನಂಬರ್, ನಿಮ್ಮ ಟವರ್. ಮೊದಲ ವಾಕ್ಯದಲ್ಲೇ "ರೋಗಿ ನನ್ನ ಹತ್ತಿರ ಇಲ್ಲ, ರೋಗಿ ಇರುವುದು ಇಂಥ ಗ್ರಾಮದಲ್ಲಿ, ಅವರ ಮನೆಯವರ ನಂಬರ್ ಇದು" ಎಂದು ಹೇಳದಿದ್ದರೆ ಗಾಡಿಯ ಡ್ರೈವರ್ ಮತ್ತೆ ನಿಮಗೇ ಫೋನ್ ಮಾಡಿ ದಾರಿ ಕೇಳುತ್ತಾನೆ. ಕಾನ್ಫರೆನ್ಸ್ ಬಿಟ್ಟು ಬರೀ "108ಕ್ಕೆ ಮಾಡಿ" ಎಂದು ಕಡಿಯುವುದಂತೂ ಬೇಡವೇ ಬೇಡ.

ಅಜ್ಜ ಅಜ್ಜಿಯರ ಕೀಪ್ಯಾಡ್ ಫೋನಿನ ಬಗ್ಗೆಯೂ ಹೇಳುತ್ತೇನೆ. 2017ರ ಜನವರಿ 1ರ ನಂತರ ಮಾರಿದ ಫೋನುಗಳಲ್ಲಿ ತುರ್ತು ಬಟನ್ ಇರಬೇಕೆಂಬ ನಿಯಮ ಉಂಟು. ಕೀಪ್ಯಾಡ್ ಫೋನಿನಲ್ಲಿ 5 ಅಥವಾ 9 ಒತ್ತಿ ಹಿಡಿದರೆ 112ಕ್ಕೆ ಹೋಗುತ್ತದೆ. ಅವರಿಗೆ ಇದನ್ನು ತೋರಿಸಿಕೊಡಿ, ಸೊಂಟದ ಚೀಲದಲ್ಲಿ ತಾನಾಗಿ ಒತ್ತಿಹೋಗದಂತೆ ಕೀಪ್ಯಾಡ್ ಲಾಕ್ ಹಾಕುವುದನ್ನೂ ಹೇಳಿಕೊಡಿ.

---

ಶಿರ್ವ_ಕಾಪು_ದಾರಿ:

ಎಲ್ಲರಿಗೂ ಧನ್ಯವಾದ. ಪಟ್ಟಿಯ ಕೆಲಸ ಈ ವಾರವೇ ಶುರು ಮಾಡುತ್ತೇವೆ. ಎರಡು ಪ್ರಶ್ನೆ ಉಳಿದಿವೆ. ಕಾಪು ಬೀಚ್, ಮಲ್ಪೆ ಕಡೆಯಿಂದ ಬೋಟಿನವರ ಕರೆಯೂ ನಮಗೆ ಬರುತ್ತದೆ, ಅದಕ್ಕೆ ಎಂತ ಮಾಡುವುದು? ಇನ್ನೊಂದು, ತಾಲೂಕಿಗೇ ಒಂದು ಕಂಟ್ರೋಲ್ ರೂಮ್ ಮಾಡುವ ಎಂದು ಪಂಚಾಯತ್‌ನವರು ಹೇಳುತ್ತಿದ್ದಾರೆ. ಅದಕ್ಕೆ ಎಷ್ಟು ಜನ ಬೇಕಾದೀತು?

---

ಚಾನೆಲ್_16 ಉತ್ತರ:

ಸಮುದ್ರದ ಕರೆ ನಿಮ್ಮದಲ್ಲ, ತಕ್ಷಣ ದಾಟಿಸಿ. ಕೋಸ್ಟ್ ಗಾರ್ಡ್ 1554, ಕರಾವಳಿ ಕಾವಲು ಪೊಲೀಸ್ 1093. ಬೋಟಿನಲ್ಲಿ ವಿಎಚ್‌ಎಫ್ ರೇಡಿಯೊ ಇದ್ದರೆ ಚಾನೆಲ್ 16ರಲ್ಲಿ ಕೂಗಲು ಹೇಳಿ. ಅದನ್ನು ಸುತ್ತಲಿನ ಎಲ್ಲ ಬೋಟು, ಹಡಗುಗಳು ಒಟ್ಟಿಗೆ ಕೇಳುತ್ತವೆ, ಮೊಬೈಲಿನಲ್ಲಿ ಕೇಳುವುದು ಒಬ್ಬರಿಗೆ ಮಾತ್ರ. ದಡ ಬಿಟ್ಟು ದೂರ ಹೋದಂತೆ ಮೊಬೈಲ್ ಸಿಗ್ನಲ್ ಹೇಗೂ ಇರುವುದಿಲ್ಲ.

ದಾಟಿಸುವ ಮೊದಲು ನೀವು ಬರೆದುಕೊಳ್ಳಬೇಕಾದದ್ದು ಬೋಟಿನ ಹೆಸರು, ನೋಂದಣಿ ಸಂಖ್ಯೆ, ಎಷ್ಟು ಜನ, ಎಂಜಿನ್ ಓಡುತ್ತಿದೆಯೇ, ನೀರು ನುಗ್ಗುತ್ತಿದೆಯೇ, ಮತ್ತು ಸ್ಥಳ. ಇಲ್ಲೊಂದು ದೊಡ್ಡ ತಪ್ಪು ಆಗುತ್ತದೆ. ಬೋಟಿನ ಜಿಪಿಎಸ್ ಸಾಮಾನ್ಯವಾಗಿ ಡಿಗ್ರಿ ಮತ್ತು ದಶಮಾಂಶ ನಿಮಿಷದಲ್ಲಿ ತೋರಿಸುತ್ತದೆ. "13, 20.9" ಎಂದು ಓದಿದರೆ ಅದು 13 ಡಿಗ್ರಿ 20.9 ನಿಮಿಷ, ದಶಮಾಂಶದಲ್ಲಿ 13.3483. ಅದನ್ನೇ 13.209 ಎಂದು ಮ್ಯಾಪಿಗೆ ಹಾಕಿದರೆ ಹದಿನೈದು ಕಿಲೋಮೀಟರಿಗೂ ಹೆಚ್ಚು ದಕ್ಷಿಣಕ್ಕೆ ಹುಡುಕುತ್ತೀರಿ. ನಿಮಿಷವನ್ನು 60ರಿಂದ ಭಾಗಿಸಿಯೇ ಡಿಗ್ರಿಗೆ ಸೇರಿಸಬೇಕು. ಇನ್ನೂ ಒಳ್ಳೆಯದು, ನೀವು ಪರಿವರ್ತಿಸುವುದೇ ಬೇಡ. ಅವರು ಓದಿದ ಹಾಗೆಯೇ "ಡಿಗ್ರಿ", "ನಿಮಿಷ" ಎಂಬ ಪದ ಸಮೇತ ಬರೆದು ಹಾಗೆಯೇ ಹೇಳಿ.

ಬೀಚಿನಲ್ಲಿ ಮುಳುಗಿದವರನ್ನು ಹೊರಗೆ ತಂದ ಕರೆಯಾದರೆ ಮಾತ್ರ ನಿಮ್ಮ ಗಾಡಿ ಕೂಡಲೇ ಹೊರಡಬೇಕು, ಎಇಡಿ ಇರುವುದೇ ಹೊರಡಲಿ. ಹೊಟ್ಟೆ ಒತ್ತಿ ನೀರು ತೆಗೆಯಲು ಬಿಡಬೇಡಿ, ಉಸಿರಿಲ್ಲದಿದ್ದರೆ ಬಾಯಿಂದ ಬಾಯಿಗೆ ಉಸಿರು ಮತ್ತು ಎದೆ ಒತ್ತುವುದು ಎರಡೂ ಬೇಕು.

---

ಕುರ್ಚಿ_ಲೆಕ್ಕ ಉತ್ತರ:

ಕಂಟ್ರೋಲ್ ರೂಮಿನ ಜನರ ಲೆಕ್ಕ ಊಹೆಯಿಂದ ಮಾಡುವಂಥದ್ದಲ್ಲ. ದೂರವಾಣಿ ಜಗತ್ತಿನಲ್ಲಿ ಇಷ್ಟು ಕರೆಗೆ ಎಷ್ಟು ಜನ ಬೇಕು ಎಂದು ಲೆಕ್ಕ ಹಾಕುವ, ಬಹಳ ಹಳೆಯದಾದ ಎರ್ಲಾಂಗ್ ಸೂತ್ರ ಉಂಟು. ಗಂಟೆಗೆ 60 ಕರೆ, ಒಂದು ಕರೆಗೆ ಬರೆಯುವುದೂ ಸೇರಿ 3 ನಿಮಿಷ ಎಂದುಕೊಳ್ಳಿ. ಒಟ್ಟು 180 ನಿಮಿಷದ ಕೆಲಸ, ಅಂದರೆ ಮೂವರಿಗೆ ಒಂದು ಗಂಟೆ ಪೂರ್ತಿ. ಹಾಗಾದರೆ ನಾಲ್ವರು ಸಾಕಲ್ಲ ಅನಿಸುತ್ತದೆ. ಆದರೆ ಕರೆಗಳು ಸಾಲಾಗಿ ಬರುವುದಿಲ್ಲ, ಒಮ್ಮೆಲೇ ಐದು ಬಂದು ಆಮೇಲೆ ಎರಡು ನಿಮಿಷ ಏನೂ ಇರುವುದಿಲ್ಲ. ಸೂತ್ರಕ್ಕೆ ಹಾಕಿದರೆ ನಾಲ್ವರಿದ್ದಾಗ 15 ಸೆಕೆಂಡಿನೊಳಗೆ ಉತ್ತರ ಸಿಗುವುದು ಸುಮಾರು 53 ಶೇಕಡಾ ಕರೆಗಳಿಗೆ ಮಾತ್ರ. ಐವರಿದ್ದರೆ 80, ಆರು ಜನರಿದ್ದರೆ 92. ಅಮೆರಿಕದ 911ರ ಸಂಘಟನೆಯಾದ ನೇನಾ ಇಟ್ಟುಕೊಂಡ ಗುರಿ 15 ಸೆಕೆಂಡಿನೊಳಗೆ 90 ಶೇಕಡಾ. ಆ ಮಟ್ಟ ಬೇಕಾದರೆ ಆರು ಕುರ್ಚಿ.

ಒಂದು ಕುರ್ಚಿ ಎಂದರೆ ಒಬ್ಬ ಮನುಷ್ಯ ಅಲ್ಲ. ವಾರಕ್ಕೆ 168 ಗಂಟೆ, ಒಬ್ಬರಿಗೆ 48 ಗಂಟೆ ಕೆಲಸ, ಅಲ್ಲಿಗೇ ಮೂರೂವರೆ ಆಯಿತು. ರಜೆ, ಕಾಯಿಲೆ, ತರಬೇತಿ ಸೇರಿಸಿದರೆ ನಾಲ್ಕೂವರೆ. ಆರು ಕುರ್ಚಿಗೆ 27 ಜನ. ರಾತ್ರಿ ಕರೆ ಕಡಿಮೆ, ಆಗ ಮೂರು ನಾಲ್ಕು ಕುರ್ಚಿ ಸಾಕು ಎಂದರೂ ಇಪ್ಪತ್ತರ ಆಚೀಚೆ ಬೇಕು. ತಾಲೂಕು ಮಟ್ಟದಲ್ಲಿ ಇದು ಕಷ್ಟ. ಕರೆ ಅಷ್ಟು ಇಲ್ಲದ ಕಡೆ ಕುರ್ಚಿ ಹಾಕಿ ಜನರನ್ನು ಸುಮ್ಮನೆ ಕೂರಿಸುವುದೂ ಒಳ್ಳೆಯದಲ್ಲ, ವಾರದಲ್ಲಿ ನಾಲ್ಕು ಕರೆ ತೆಗೆಯುವವರಿಗೆ ಕೈ ಪಳಗುವುದಿಲ್ಲ. ಆದ್ದರಿಂದ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ತಾಲೂಕಿಗೆ ಕಂಟ್ರೋಲ್ ರೂಮ್ ಬೇಡ. ಅದೇ ದುಡ್ಡು ಮೇಲಿನವರು ಹೇಳಿದ ಗುರುತಿನ ಪಟ್ಟಿಗೆ ಮತ್ತು ಕರೆ ತೆಗೆಯುವವರ ತರಬೇತಿಗೆ ಹೋಗಲಿ, ಆ ಪಟ್ಟಿಯನ್ನು ಜಿಲ್ಲಾ ಪೊಲೀಸ್ ಕಚೇರಿಗೂ 108ರವರಿಗೂ ಕೊಡಿ.

ಗಾಳಿಮಳೆಯ ದಿನ ಕರೆ ಎರಡು ಪಟ್ಟಾದರೆ ಮೇಲಿನ ಲೆಕ್ಕದಲ್ಲಿ ಆರು ಜನರಿಗೆ ಆರು ಜನರ ಕೆಲಸ ಬರುತ್ತದೆ, ಸಾಲು ಕರಗುವುದೇ ಇಲ್ಲ. ಆ ದಿನದ ಹೆಚ್ಚಿನ ಕರೆಗಳು "ಮರ ಬಿತ್ತು", "ಕರೆಂಟ್ ಇಲ್ಲ" ಎಂಬಂಥವು. ಮೆಸ್ಕಾಂ 1912, ಜಿಲ್ಲಾ ವಿಪತ್ತು ಕೇಂದ್ರ 1077 ಎಂಬ ಚೀಟಿಯನ್ನು ಜೂನ್‌ಗೆ ಮೊದಲೇ ಮನೆಮನೆಗೆ ತಲುಪಿಸಿದರೆ ಆ ಹೊರೆ ಇಳಿಯುತ್ತದೆ. ತಂತಿ ತುಂಡಾಗಿ ಯಾರಾದರೂ ಅದಕ್ಕೆ ಸಿಕ್ಕಿದ್ದರೆ ಮಾತ್ರ ಅದು ನಿಮ್ಮ ಕರೆ. ಆಗಲೂ 1912ರಿಂದ ಲೈನ್ ಬಂದ್ ಆಗಿದೆ ಎಂದು ಖಾತ್ರಿಯಾಗುವವರೆಗೆ ಯಾರೂ ಮುಟ್ಟದಂತೆ ಫೋನಿನಲ್ಲೇ ತಡೆಯಬೇಕು.

ವಿದ್ಯುತ್ ಬಗ್ಗೆ: ಫೈಬರ್ ದೂರವಾಣಿಗೆ ಹಳೆಯ ತಾಮ್ರದ ಲೈನಿನ ಹಾಗೆ ಎಕ್ಸ್‌ಚೇಂಜಿನಿಂದ ಕರೆಂಟ್ ಬರುವುದಿಲ್ಲ. ಮನೆಯ ಮೋಡೆಮ್ ಆರಿದರೆ ಫೋನೂ ಸತ್ತಿತು. ಮೋಡೆಮ್ 12 ವ್ಯಾಟ್ ಎಳೆಯುವುದಾದರೆ 12 ವೋಲ್ಟ್, 7 ಎಎಚ್ ಬ್ಯಾಟರಿ ಐದು ಗಂಟೆ ಧೈರ್ಯವಾಗಿ ಬರುತ್ತದೆ. ಬ್ಯಾಟರಿ ಎರಡು ಮಳೆಗಾಲ ಕಂಡ ಮೇಲೆ ಪರೀಕ್ಷಿಸಿ, ಹೆಸರಿಗೆ ಇದ್ದು ಅರ್ಧ ಗಂಟೆಯಲ್ಲಿ ಆರುವುದುಂಟು.

---

ಮೊದಲ_ನಿಮಿಷ ಉತ್ತರ:

ಯಾರೂ ಇನ್ನೂ ಮುಟ್ಟದ ವಿಷಯ, ಕರೆ ಎತ್ತಿದವರು ಏನು ಮಾತಾಡಬೇಕು ಎಂಬುದು. "ಹಲೋ, ಯಾರು?" ಎಂದು ಶುರು ಮಾಡಬೇಡಿ. "ಆಂಬುಲೆನ್ಸ್. ಎಲ್ಲಿಗೆ ಬರಬೇಕು?" ಇಷ್ಟೇ. ಸ್ಥಳ ಮೊದಲು, ಏಕೆಂದರೆ ಆ ಕ್ಷಣ ಕರೆ ಕಡಿದರೂ ಗಾಡಿ ಹೊರಡಿಸಬಹುದು. ನಂತರ ಅವರ ನಂಬರ್ ಓದಿ ಖಚಿತಪಡಿಸಿ. ಆಮೇಲೆ ಏನಾಗಿದೆ, ಎಚ್ಚರ ಇದೆಯೇ, ಸರಿಯಾಗಿ ಉಸಿರಾಡುತ್ತಿದ್ದಾರೆಯೇ. ತುಳುವಿನವರಿಗೆ "ಒಲ್ಪ ಉಲ್ಲರ್?", "ಎಚ್ಚರ ಉಂಡಾ?" ಎಂದು ಅವರ ಮಾತಲ್ಲೇ ಕೇಳಿ. ಇಷ್ಟಕ್ಕೆ ಗಾಡಿ ಹೊರಡಬೇಕು. ವಯಸ್ಸು, ಹಳೆಯ ಕಾಯಿಲೆ, ಯಾವ ಆಸ್ಪತ್ರೆ ಎಂಬುದೆಲ್ಲ ಗಾಡಿ ರಸ್ತೆಯಲ್ಲಿರುವಾಗ ಕೇಳಬಹುದು. ಎಲ್ಲ ಬರೆದುಕೊಂಡು ಆಮೇಲೆ ಡ್ರೈವರ್‌ಗೆ ಹೇಳುವ ಅಭ್ಯಾಸವೇ ಎಲ್ಲಕ್ಕಿಂತ ಹೆಚ್ಚು ಸಮಯ ತಿನ್ನುತ್ತದೆ.

ಎಚ್ಚರವೂ ಇಲ್ಲ, ಸರಿಯಾದ ಉಸಿರೂ ಇಲ್ಲ ಎಂದರೆ ಮುಂದೆ ಪ್ರಶ್ನೆ ಕೇಳುತ್ತಾ ಕೂರಬೇಡಿ. ಹೃದಯ ನಿಂತ ಮೊದಲ ನಿಮಿಷಗಳಲ್ಲಿ ಆಗೊಮ್ಮೆ ಈಗೊಮ್ಮೆ ಗೊರಕೆಯಂಥ ಸದ್ದು ಬರುತ್ತದೆ, ಮನೆಯವರು ಅದನ್ನು "ಉಸಿರು ಉಂಟು" ಎನ್ನುತ್ತಾರೆ. "ಪ್ರತಿ ಉಸಿರಿಗೂ 'ಈಗ' ಅನ್ನಿ" ಎಂದು ಹೇಳಿ ಕಿವಿಗೊಡಿ. ಹತ್ತು ಸೆಕೆಂಡಿನಲ್ಲಿ ಒಂದೇ ಸಲ ಬಂದರೆ ಅದು ಉಸಿರಲ್ಲ. ಸ್ಪೀಕರ್ ಆನ್ ಮಾಡಿಸಿ, ರೋಗಿಯನ್ನು ಮಂಚದಿಂದ ನೆಲಕ್ಕೆ ಅಂಗಾತ ಮಲಗಿಸಿ, ಎದೆಯ ನಡುವೆ ಎರಡೂ ಅಂಗೈ ಇಟ್ಟು 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಿಸಿ. ನೀವೇ ಫೋನಿನಲ್ಲಿ "ಒಂದು, ಎರಡು, ಮೂರು, ನಾಲ್ಕು" ಎಂದು ತಾಳ ಎಣಿಸಿ. ಎರಡು ನಿಮಿಷಕ್ಕೊಮ್ಮೆ ಒತ್ತುವವರನ್ನು ಬದಲಿಸಿ. ಗಾಡಿ ಬಂದು ಕೈ ಬದಲಾಗುವವರೆಗೆ ಕರೆ ಕಡಿಯಬಾರದು. ಮೂರು ಫೋನ್ ಇರಬೇಕು ಎಂದದ್ದು ಇದಕ್ಕೇ, ಒಬ್ಬರು ಈ ಕರೆಯಲ್ಲಿ ಕಟ್ಟುಬಿದ್ದಾಗ ಮುಂದಿನದ್ದನ್ನು ಇನ್ನೊಬ್ಬರು ಎತ್ತುತ್ತಾರೆ.

ಬಾಯಿ ಸೊಟ್ಟ, ಕೈ ಬಲವಿಲ್ಲ, ಮಾತು ತೊದಲು ಎಂದರೆ ಕೇಳಬೇಕಾದ ಒಂದೇ ಪ್ರಶ್ನೆ: ಕೊನೆಯದಾಗಿ ಸರಿಯಾಗಿ ಇದ್ದದ್ದನ್ನು ನೋಡಿದ್ದು ಎಷ್ಟು ಗಂಟೆಗೆ? ರಕ್ತ ಹೆಪ್ಪು ಕರಗಿಸುವ ಔಷಧಕ್ಕೆ ನಾಲ್ಕೂವರೆ ಗಂಟೆಯ ಮಿತಿ ಇರುವುದರಿಂದ ಆಸ್ಪತ್ರೆಯವರು ಮೊದಲು ಕೇಳುವುದೂ ಅದನ್ನೇ. ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಆ ಸಮಯ ಹೇಳಿ, ಗಾಡಿ ಬರುವ ಮೊದಲೇ ತಿಳಿಸಿಬಿಡಿ.

ಮಾತೇ ಇಲ್ಲದ ಕರೆ ಬಂದರೆ ಕಡಿಯಬೇಡಿ. "ಮಾತಾಡಲು ಆಗದಿದ್ದರೆ ಯಾವುದಾದರೂ ಒಂದು ಬಟನ್ ಒತ್ತಿ" ಎನ್ನಿ. ಬ್ರಿಟನ್ನಿನ 999ರಲ್ಲಿ ಇದಕ್ಕೆ 55 ಒತ್ತುವ ಕ್ರಮವೇ ಇದೆ. ಒತ್ತಿದ ಸದ್ದು ಬಂದರೆ ಹೌದು-ಅಲ್ಲ ಪ್ರಶ್ನೆಗಳಲ್ಲಿ ಮುಂದುವರಿಸಿ, ಮನೆಯೊಳಗಿನ ಹಿಂಸೆ ಎಂದು ಅನಿಸಿದರೆ 112ಕ್ಕೆ ಕಾನ್ಫರೆನ್ಸ್. ಆ ನಂಬರಿಗೆ ನೀವಾಗಿ ತಿರುಗಿ ಕರೆ ಮಾಡಬೇಡಿ, ಫೋನ್ ರಿಂಗ್ ಆದರೆ ಕರೆ ಮಾಡಿದವರಿಗೆ ಅಪಾಯ. ಬೇರೆ ಎಲ್ಲ ಕಡಿದ ಕರೆಗೂ ಒಂದು ನಿಮಿಷದೊಳಗೆ ತಿರುಗಿ ಮಾಡಬೇಕು.

ದಾರಿಹೋಕರು ಅಪಘಾತದ ಕರೆ ಮಾಡಿದಾಗ ಹೆಸರು ಹೇಳಲು ಹಿಂಜರಿದರೆ ಒತ್ತಾಯಿಸಬೇಡಿ. ನೆರವಿಗೆ ಬಂದವರಿಗೆ ಮೋಟಾರು ವಾಹನ ಕಾಯ್ದೆಯ 134ಎ ಕಲಂ ರಕ್ಷಣೆ ಕೊಡುತ್ತದೆ, ಹೆಸರು ಹೇಳುವುದು ಬಿಡುವುದು ಅವರಿಷ್ಟ.

---

ಶಿರ್ವ_ಕಾಪು_ದಾರಿ:

ಮೊದಲ_ನಿಮಿಷ ಅವರೇ, ಈ ಪ್ರಶ್ನೆಗಳ ಕ್ರಮವನ್ನು ಒಂದು ಪುಟಕ್ಕೆ ಹಾಕಿ ಲ್ಯಾಮಿನೇಟ್ ಮಾಡಿಸುತ್ತೇವೆ. ಎಲ್ಲ ಸರಿಯಾಗಿ ನಡೆಯುತ್ತಿದೆಯೇ ಎಂದು ತಿಳಿಯಲು ಎಂತ ಬರೆದಿಡಬೇಕು? 112, 108ಕ್ಕೂ ಟೆಸ್ಟ್ ಕಾಲ್ ಮಾಡಿ ನೋಡಬಹುದೇ?

---

ರವಾನೆ_ಮೇಜು:

112, 108ಕ್ಕೆ ಸುಮ್ಮನೆ ಟೆಸ್ಟ್ ಕಾಲ್ ಬೇಡ ಮಾರಾಯ್ರೆ, ಆ ಹೊತ್ತಿಗೆ ನಿಜವಾದ ಕರೆಯೊಂದು ಸಾಲಿನಲ್ಲಿ ಕಾಯುತ್ತಿರುತ್ತದೆ. ಬೇಕೇ ಬೇಕಾದರೆ ಜಿಲ್ಲಾ ಪೊಲೀಸ್ ಕಚೇರಿಗೆ ಪತ್ರ ಕೊಟ್ಟು, ದಿನ ಮತ್ತು ಗಂಟೆ ನಿಗದಿ ಮಾಡಿಕೊಂಡು ಅಣಕು ಕಾರ್ಯಾಚರಣೆ ಮಾಡಿ. ನಿಮ್ಮ ನಂಬರಿಗೆ ಮಾತ್ರ ತಿಂಗಳಿಗೊಮ್ಮೆ ಬಿಎಸ್‌ಎನ್‌ಎಲ್, ಜಿಯೋ, ಏರ್‌ಟೆಲ್, ವಿ ನಾಲ್ಕರಿಂದಲೂ ಮಾಡಿ ನೋಡಿ, ಒಂದು ಸಲ ರಾತ್ರಿ ಎರಡು ಗಂಟೆಗೂ ಇರಲಿ. ವಿದೇಶದಲ್ಲಿರುವ ಯಾರಿಂದಾದರೂ ಒಮ್ಮೆ ಮಾಡಿಸಿ.

ಪುಸ್ತಕದಲ್ಲಿ ಆರು ಸಮಯ ಬರೆಯಿರಿ: ಮೊದಲ ರಿಂಗ್, ಎತ್ತಿದ್ದು, ಸ್ಥಳ ಸಿಕ್ಕಿದ್ದು, ಗಾಡಿ ಚಲಿಸಿದ್ದು, ಮನೆ ತಲುಪಿದ್ದು, ಆಸ್ಪತ್ರೆ ತಲುಪಿದ್ದು. ಸರಾಸರಿ ತೆಗೆಯಬೇಡಿ. ಒಂಬತ್ತು ಕರೆ ಐದು ನಿಮಿಷಕ್ಕೆ, ಒಂದು ಐವತ್ತು ನಿಮಿಷಕ್ಕೆ ತಲುಪಿದರೂ ಸರಾಸರಿ ಒಂಬತ್ತೂವರೆ ಎಂದು ಚೆನ್ನಾಗಿಯೇ ಕಾಣುತ್ತದೆ. ಕರೆಗಳನ್ನು ಬೇಗದಿಂದ ತಡಕ್ಕೆ ಸಾಲು ಹಾಕಿ, ಅತಿ ತಡವಾದ ಹತ್ತರಲ್ಲಿ ಒಂದು ಪಾಲನ್ನು ಮಾತ್ರ ತಿಂಗಳ ಸಭೆಯಲ್ಲಿ ಬಿಡಿಸಿ ನೋಡಿ, ಆರರಲ್ಲಿ ಯಾವ ಎರಡು ಸಮಯದ ನಡುವೆ ತಡವಾಯಿತು ಎಂದು. ಎತ್ತುವುದರಲ್ಲಾದರೆ ಪಾಳಿ ಬದಲಿಸಿ, ಸ್ಥಳದಲ್ಲಾದರೆ ಆ ಮನೆಯನ್ನು ಗುರುತಿನ ಪಟ್ಟಿಗೆ ಅವತ್ತೇ ಸೇರಿಸಿ. ಪಾಳಿಯಲ್ಲಿರುವವರ ಮೂರು ಫೋನಿನ ಗಡಿಯಾರವೂ ನೆಟ್‌ವರ್ಕ್ ಸಮಯಕ್ಕೇ ಹೊಂದಿರಲಿ, ಗೋಡೆ ಗಡಿಯಾರ ನೋಡಿ ಬರೆದರೆ ಲೆಕ್ಕ ಕೂಡುವುದಿಲ್ಲ.